ದೀಪ ಆರಿದರೆ ಗಾಳಿ ತುಂಬಿದಂತಲ್ಲ

ಕಳೆದ ಜನವರಿಯಲ್ಲಿ ಅಕ್ಕನ ಮನೆಗೆಂದು ಕೋಲ್ಕತ್ತಾಗೆ ಹೋಗಿದ್ದೆ. ಮನೆ ಗರಿಯಾಹಾಟಿನಲ್ಲಿ, ರಾಶ್‌ಬಿಹಾರಿ ಅವೆನ್ಯೂದಿಂದ ಎರಡು ತಿರುವು ಒಳಗೆ. ಬೆಳಿಗ್ಗೆ ಭಾವ ಕಾರು ತೆಗೆದ ಸ್ವಲ್ಪ ಹೊತ್ತಿಗೆ ಹಳದಿ ದೀಪವೊಂದು ಹೊತ್ತಿಕೊಂಡಿತು. ಕುದುರೆ ಲಾಳದಂಥ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಭಾವ ಬದಿಗೆ ನಿಲ್ಲಿಸಿ, ಪರದೆಯಲ್ಲಿ ‘ರೀಸೆಟ್’ ಒತ್ತಿದರು. ದೀಪ ಆರಿತು. “ಚಳಿಗೆ ಹೀಗೇ ಮಾಡುತ್ತೆ, ವಾರದಲ್ಲಿ ಇದು ಎರಡನೇ ಸಲ” ಅಂದರು.

ದಾರಿಯಲ್ಲಿ ಸಿಕ್ಕ ಪಂಕ್ಚರ್ ಅಂಗಡಿಯವ ಹಿಂದಿನ ಎಡ ಚಕ್ರ ನೋಡಿದವನೇ “ಹಾವಾ ಕೊಮ್” ಎಂದ. ಬಂಗಾಳಿಯ ಹಾವಾ, ನಮ್ಮ ಹವಾಮಾನದ ಹವಾ ಎರಡೂ ಒಂದೇ ಅರಬ್ಬಿ ಮಾತು. ಗೇಜು ಹಿಡಿದರೆ 33 ಇರಬೇಕಾದಲ್ಲಿ 19. ಟೈರಿನಲ್ಲಿ ಮೊಳೆ ಕೂತಿತ್ತು.

ನಾನು ಸುಮ್ಮನಾದೆ. ಎರಡು ವರ್ಷದ ಹಿಂದೆ ಇಂಥದೇ ಒಂದು ಕಾರಿನ ಕೈಪಿಡಿಯನ್ನು ಕನ್ನಡಕ್ಕೆ ತಂದವರಲ್ಲಿ ನಾನೂ ಒಬ್ಬ. ‘ರೀಸೆಟ್’ ಬಂದಲ್ಲೆಲ್ಲ ‘ಮರುಹೊಂದಿಸಿ’ ಎಂದು ಬರೆದು ಮುಂದೆ ಹೋಗಿದ್ದೆ. ಓದಿದವರಿಗೆ ಅದು ಹೇಗೆ ಕೇಳಿಸೀತು? ಕೆಟ್ಟದ್ದು ಮೊದಲಿನಂತಾಗುತ್ತದೆ ಎಂದಲ್ಲವೇ? ಆ ಗುಂಡಿ ಮಾಡುವುದು ಹೆಚ್ಚುಕಡಿಮೆ ಇದರ ತದ್ವಿರುದ್ಧ. ಅದು ಯಾಕೆ ಹಾಗಿದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಬಳಕೆಗೆ ಬಂದದ್ದು 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಡನ್‌ಲಪ್‌ನಿಂದ. ಅವನ ಹೆಸರಿನ ಕಂಪನಿ 1936ರಲ್ಲಿ ಇದೇ ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ದಡದ ಸಾಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಅದೇ ಜಿಲ್ಲೆಯ ಉತ್ತರಪಾರಾದಲ್ಲಿ 2014ರವರೆಗೂ ಅಂಬಾಸಿಡರ್ ತಯಾರಾಗುತ್ತಿತ್ತು. ಆ ಕಾರುಗಳಲ್ಲಿ ಗಾಳಿಯ ದೀಪವಿರಲಿಲ್ಲ. ಕಣ್ಣು, ಕಾಲು, ಕಿವಿಯೇ ಯಂತ್ರ: ಒದ್ದು ನೋಡುವುದು, ಕಬ್ಬಿಣದಲ್ಲಿ ಬಡಿದು ಸದ್ದು ಕೇಳುವುದು.

1986ರಲ್ಲಿ ಪೋರ್ಷೆ 959 ಎಂಬ ದುಬಾರಿ ಕಾರಿಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಬಂತು. ಅದು ಎಲ್ಲರ ಕಾರಿಗೂ ಇಳಿದದ್ದು ಸಾವುಗಳ ನಂತರ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಟೈರಿನ ಮೇಲ್ಪದರ ಕಿತ್ತು ಗಾಡಿಗಳು ಮಗುಚಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದರೆ ಪದರಗಳ ಅಂಟು ಬಿಡುತ್ತದೆ. ಅದೇ ವರ್ಷ ನವೆಂಬರಿನಲ್ಲಿ ಎಚ್ಚರಿಕೆ ದೀಪವನ್ನು ಕಡ್ಡಾಯ ಮಾಡುವ ಕಾನೂನು ಬಂತು.

ಆಗ ಎರಡು ದಾರಿಗಳಿದ್ದವು. ಒಂದು, ಪ್ರತಿ ಚಕ್ರದೊಳಗೂ ಒತ್ತಡ ಅಳೆದು ರೇಡಿಯೊದಲ್ಲಿ ತಿಳಿಸುವ ಸೆನ್ಸರ್. ಇನ್ನೊಂದು ಅಗ್ಗದ್ದು. ಗಾಳಿ ಇಳಿದ ಚಕ್ರದ ಸುತ್ತಳತೆ ಕೊಂಚ ಕುಗ್ಗಿ ಅದು ಉಳಿದವಕ್ಕಿಂತ ವೇಗವಾಗಿ ತಿರುಗುತ್ತದೆ. ಬ್ರೇಕಿಗಾಗಿ ಈಗಾಗಲೇ ಇರುವ ಎಬಿಎಸ್ ಸೆನ್ಸರಿನಿಂದಲೇ ಅದನ್ನು ಹಿಡಿಯಬಹುದು. ಆದರೆ ನಾಲ್ಕೂ ಚಕ್ರ ಸಮವಾಗಿ ಇಳಿದರೆ? ಹೋಲಿಸಲು ಏನೂ ಉಳಿಯುವುದಿಲ್ಲ. ಇಂಥ ಅಗ್ಗದ ದಾರಿಗೆ ಅವಕಾಶ ಕೊಟ್ಟಿದ್ದ ಸರ್ಕಾರಿ ನಿಯಮವನ್ನು 2003ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. 2005ರ ಹೊಸ ನಿಯಮ, ಒಂದೇ ಚಕ್ರವಿರಲಿ ನಾಲ್ಕೂ ಇರಲಿ, ಶೇ. 25 ಇಳಿದರೆ 20 ನಿಮಿಷದೊಳಗೆ ದೀಪ ಹೊತ್ತಬೇಕೆಂದಿತು. ಭಾರತದಲ್ಲಿ 2020ರ ಅಕ್ಟೋಬರಿನಿಂದ, ಈ ವ್ಯವಸ್ಥೆಯೂ ರಿಪೇರಿ ಕಿಟ್ಟೂ ಇರುವ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಎಂಬ ನಿಯಮ ಬಂತು. ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಆ ದೀಪದ ಮೇಲಿನ ಭಾರ ಇನ್ನೂ ಹೆಚ್ಚು.

ಅಗ್ಗದ ದಾರಿ ಸತ್ತಿಲ್ಲ, ಜಾಣವಾಗಿದೆ. ಚಕ್ರಗಳನ್ನು ಪರಸ್ಪರ ಹೋಲಿಸುವುದಷ್ಟೇ ಅಲ್ಲ, ನೆನಪಿನೊಂದಿಗೂ ಹೋಲಿಸುತ್ತದೆ. ಆ ನೆನಪು ಕೊಡುವುದೇ ರೀಸೆಟ್. “ಈಗಿನ ಗಾಳಿಯೇ ಸರಿ, ಇದನ್ನೇ ನೆನಪಿಟ್ಟುಕೋ” ಎಂದು ನಾವು ಹೇಳುತ್ತೇವೆ. ಅದು ನಂಬುತ್ತದೆ. ಭಾವನ ಕಾರಿನಲ್ಲಿ 33 ಕಾಲುಭಾಗ ಇಳಿದು 25ರ ಹತ್ತಿರ ಬಂದಾಗ ಮೊದಲ ದೀಪ ಹೊತ್ತಿರಬೇಕು. ರೀಸೆಟ್ ಮಾಡಿದರು, 25 ‘ಸರಿ’ಯಾಯಿತು. ಅದರ ಕಾಲುಭಾಗ ಇಳಿದರೆ 19. ಮತ್ತೆ ರೀಸೆಟ್. ಚಳಿಯನ್ನು ದೂರುವಂತಿಲ್ಲ. ಸುಮಾರು 6 ಡಿಗ್ರಿ ತಣಿದರೆ 1 ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿ ತಣಿದರೂ ಮೂರು ಚಿಲ್ಲರೆ ಅಷ್ಟೇ.

ಸರಿಯಾದ ಕ್ರಮ ಚಿಕ್ಕದು. ಕಾರು ಮೂರು ತಾಸು ನಿಂತು ಟೈರು ತಣ್ಣಗಿದ್ದಾಗ ನಾಲ್ಕೂ ಚಕ್ರ ಅಳೆಯಿರಿ. ಚಾಲಕನ ಬಾಗಿಲ ಹತ್ತಿರದ ಚೀಟಿಯಲ್ಲಿರುವಷ್ಟು ಗಾಳಿ ಹೊಡೆಸಿ. ಮತ್ತೆ ಮತ್ತೆ ಇಳಿದರೆ ಪಂಕ್ಚರ್ ಹುಡುಕಿಸಿ. ಕೊನೆಗೆ ರೀಸೆಟ್ ಒತ್ತಿ, ಸ್ವಲ್ಪ ದೂರ ಓಡಿಸಿ.

ಗರಿಯಾಹಾಟಿನ ಅಂಗಡಿಯವ ಮೊಳೆ ಕಿತ್ತು, ತೂತು ಮುಚ್ಚಿ, ಗಾಳಿ ಹೊಡೆದ. ಭಾವ ಈ ಸಲ ಆಮೇಲೆ ರೀಸೆಟ್ ಒತ್ತಿದರು. ಊರಿಗೆ ಬಂದು ಕೈಪಿಡಿಯ ಕಂಪನಿಗೆ ಬರೆದೆ: ‘ಮರುಹೊಂದಿಸಿ’ ತೆಗೆದು, ‘ಗಾಳಿ ಸರಿಮಾಡಿದ ಮೇಲೆ, ಈ ಒತ್ತಡವನ್ನು ನೆನಪಿಗೆ ಸೇರಿಸಿ’ ಎಂದು ಹಾಕಿ. ಮುಂದಿನ ಮುದ್ರಣದಲ್ಲಿ ನೋಡುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ಹಳೆಯ ಪ್ರತಿಗಳು ಕಾರುಗಳ ಡ್ರಾಯರಿನಲ್ಲಿ ಇವೆ. ನಿಮ್ಮ ಕಾರಿನಲ್ಲೂ ಒಂದಿದ್ದರೆ, ಆ ಪದದ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಿರಿ.