ಕಡೆದರೆ ಬೆಣ್ಣೆ, ಕುಲುಕಿದರೆ ನೊರೆ

ಮೊಸರನ್ನು ಕಡೆದರೆ ಬೆಣ್ಣೆ ಬರುತ್ತದೆ; ತಣ್ಣನೆಯ ಹಾಲನ್ನು ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಕೆಲಸ ಹೆಚ್ಚುಕಡಿಮೆ ಒಂದೇ, ಫಲ ಬೇರೆ. ಮಿಲ್ಕ್‌ಶೇಕಿನ ಚರಿತ್ರೆಯನ್ನು ಇಲ್ಲಿಂದಲೇ ಆರಂಭಿಸೋಣ. ಅದಕ್ಕೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಕ್ಕ ಸ್ಥಳ.

ಊರಿಗೆ ಸಮೀಪದ ಕುದಾಪುರದ ಹುಲ್ಲುಗಾವಲು ಅಮೃತಮಹಲ್ ಕಾವಲುಗಳಲ್ಲಿ ಒಂದು. ಈ ವ್ಯವಸ್ಥೆಗೆ ರೂಪ ಕೊಟ್ಟವನು ಮೈಸೂರಿನ ಚಿಕ್ಕದೇವರಾಜ ಒಡೆಯ (1673–1704). ಅರಮನೆಗೆ ಹಾಲು, ಬೆಣ್ಣೆ ಒದಗಿಸುತ್ತಿದ್ದ ಆ ಇಲಾಖೆಯ ಹೆಸರು 'ಬೆಣ್ಣೆ ಚಾವಡಿ'. ಹೆಸರನ್ನು ಗಮನಿಸಿ: ಹಾಲಿನ ಚಾವಡಿಯಲ್ಲ, ಬೆಣ್ಣೆಯ ಚಾವಡಿ! ಕಾರಣ ಊಹಿಸುವುದು ಕಷ್ಟವಲ್ಲ. ಬಯಲುಸೀಮೆಯ ಬಿಸಿಲಿನಲ್ಲಿ ಬೆಳಿಗ್ಗೆ ಕರೆದ ಹಸಿ ಹಾಲು ಸಂಜೆಗೆ ಒಡೆಯುತ್ತದೆ. ಕಾಯಿಸಿದ ತುಪ್ಪ ತಿಂಗಳುಗಟ್ಟಲೆ ಉಳಿಯುತ್ತದೆ. ಮುಂದೆ ಹೈದರಾಲಿ ಈ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿದ. 'ಅಮೃತಮಹಲ್' ಎಂದು ಹೆಸರಿಟ್ಟವನು ಟಿಪ್ಪು.

ಕಡಗೋಲು ಮಾಡುವುದೇನು? ಜಿಡ್ಡಿನ ಕಣಗಳ ಹೊದಿಕೆಯನ್ನು ಹರಿಯುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಬೆಣ್ಣೆಯಾಗುತ್ತವೆ. ಬೇಸಿಗೆಯಲ್ಲಿ ಬೆಣ್ಣೆ ಕೂಡದಿದ್ದರೆ ನಮ್ಮ ಅಜ್ಜಿಯರು ತಣ್ಣೀರು ಸುರಿಯುತ್ತಿದ್ದರು. ತಂಪು ಹಾಲನ್ನು ಕುಲುಕುವಾಗಲಾದರೋ ಹಾಲಿನ ಪ್ರೋಟೀನು ಗಾಳಿಗುಳ್ಳೆಗಳ ಸುತ್ತ ಪೊರೆ ಕಟ್ಟುತ್ತದೆ. ಅದೇ ನೊರೆ. (ಸ್ಟುಡಿಯೋ ದೀಪಗಳ ಬಿಸಿಗೆ ಈ ನೊರೆ ಕ್ಷಣಮಾತ್ರದಲ್ಲಿ ಕುಸಿಯುತ್ತದೆ; ಕ್ಯಾಮೆರಾದವರಿಗೆ ಅದೊಂದು ತಲೆನೋವು.)

'ಮಿಲ್ಕ್‌ಶೇಕ್' ಎಂಬ ಮಾತು ಅಮೆರಿಕದಲ್ಲಿ 1880ರ ದಶಕದಲ್ಲಿ ಅಚ್ಚಾಯಿತು. ಆಗ ಅದರಲ್ಲಿ ಮೊಟ್ಟೆಯೂ ವಿಸ್ಕಿಯೂ ಇರುತ್ತಿದ್ದವು! ಮಕ್ಕಳ ಪಾನೀಯವಾದದ್ದು ಆಮೇಲೆ. 1922ರಲ್ಲಿ ಸ್ಟೀಫನ್ ಪೊಪ್ಲಾವ್‌ಸ್ಕಿ ತಳದಲ್ಲಿ ಅಲಗು ತಿರುಗುವ ಬ್ಲೆಂಡರ್ ರೂಪಿಸಿದ; ಅದೇ ವರ್ಷ ಷಿಕಾಗೋದ ಐವರ್ ಕೌಲ್ಸನ್ ಮಾಲ್ಟ್ ಹಾಲಿಗೆ ಐಸ್‌ಕ್ರೀಂ ಸೇರಿಸಿದ. ಆ ಮಾಲ್ಟ್ ಹಾಲು ಹಾರ್ಲಿಕ್ ಸಹೋದರರದು. ಮೊಳಕೆಯ ಧಾನ್ಯ ತನ್ನ ಪಿಷ್ಟವನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ ಎಂಬುದು ಅದರ ಗುಟ್ಟು. ಮೊಳಕೆ ಕಟ್ಟಿದ ರಾಗಿಯ ಮಾಲ್ಟಿನಲ್ಲೂ ನಡೆಯುವುದು ಇದೇ.

ನಮ್ಮಲ್ಲಿ ಮಾಡುವ ಬಗೆ ಸರಳ. ಬಾಳೆ ಅಥವಾ ಸಪೋಟಾವನ್ನು ತುಸು ಹಾಲಿನೊಡನೆ ಮೊದಲು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಆಮೇಲೆ ಉಳಿದ ಹಾಲು ಹಾಕಬೇಕು. ಹಾಲು ಕಾಯಿಸಿ ಆರಿಸಿದ್ದಿರಲಿ. ಐಸು ಹಾಕಿದರೆ ತೆಳು, ಐಸ್‌ಕ್ರೀಂ ಹಾಕಿದರೆ ಗಟ್ಟಿ. ಹಸಿ ಅನಾನಸ್ ಮಾತ್ರ ಬೇಡ. ಅದರ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸಿ ಕಹಿ ಮಾಡುತ್ತದೆ. ಹಣ್ಣನ್ನು ಬೇಯಿಸಿದರೆ ಕಿಣ್ವ ನಿಷ್ಕ್ರಿಯ.

ಇಷ್ಟಕ್ಕೂ ಇಂದು ಮಿಕ್ಸಿಗೆ ಬೀಳುವುದು ಬಹುಮಟ್ಟಿಗೆ ಒಕ್ಕೂಟದ ಪ್ಯಾಕೆಟ್ ಹಾಲು, ಮಿಶ್ರತಳಿಯ ಹಸುಗಳದು. ಅಮೃತಮಹಲ್ ಹಸು ಕರೆಯುವುದು ಅಲ್ಪ. ಆದರೆ ಕಾವಲಿನಲ್ಲಿ ಕುರಿ, ದನ ಮೇಯಿಸಿಯೇ ಸುತ್ತಲ ಹಳ್ಳಿಗಳು ಬದುಕಿದ್ದವು. 2009ರ ಬಳಿಕ ಕುದಾಪುರದ ಸುಮಾರು 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಯಿತು. ನೆರೆಯ ಕಾವಲುಗಳು ರಕ್ಷಣಾ, ಬಾಹ್ಯಾಕಾಶ, ಅಣು ಸಂಸ್ಥೆಗಳಿಗೆ. ವಿಜ್ಞಾನ ಓದಿದ ನನಗೆ ಆ ಸಂಸ್ಥೆಗಳ ಬಗ್ಗೆ ಗೌರವವಿದೆ. ಬೇಲಿಯಾಚೆ ನಿಂತ ದನಗಳ ಪ್ರಶ್ನೆ ಅದರಿಂದ ಕರಗುವುದಿಲ್ಲ. ಆ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಹೋಯಿತು.