ಕಾರಿನ ಟೈರಿನ ಬಾಳಿಕೆ

ಕಾರಿನ ಟೈರಿನ ಬಾಳಿಕೆಯನ್ನು ಅದರ ಸವೆತ ಮತ್ತು ವಯಸ್ಸು ಎರಡೂ ನಿರ್ಧರಿಸುತ್ತವೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ಪ್ರಕಾರ ಕಾರಿನ ಟೈರಿನ ತೋಡುಗಳ ಆಳ 1.6 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ತೋಡುಗಳ ತಳದಲ್ಲಿ ಇದೇ ಎತ್ತರದ ಸಣ್ಣ ಉಬ್ಬುಗಳಿದ್ದು, ಸವೆದ ಮೇಲ್ಮೈ ಅವುಗಳಿಗೆ ಸಮವಾದಾಗ ಟೈರನ್ನು ಬದಲಿಸಬೇಕು. ಆದರೆ ಒದ್ದೆ ರಸ್ತೆಯಲ್ಲಿ ಹಿಡಿತವು ಈ ಮಿತಿಗೆ ಮೊದಲೇ ಕುಗ್ಗತೊಡಗುತ್ತದೆ.

ಕಡಿಮೆ ಓಡುವ ಕಾರುಗಳಲ್ಲಿ ವಯಸ್ಸೇ ಮುಖ್ಯ. ಶಾಖ, ಬಿಸಿಲು ಮತ್ತು ಓಝೋನ್‌ನಿಂದ ರಬ್ಬರು ಗಡುಸಾಗಿ ಬಿರಿಯುತ್ತದೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಬಯಲುಸೀಮೆಯ ಊರುಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ: 2321 ಎಂದರೆ 2021ರ 23ನೇ ವಾರ. ಹಲವು ಕಾರು ತಯಾರಕರು 6 ವರ್ಷಗಳ ಬಳಿಕ ಬದಲಾವಣೆಯನ್ನು ಸೂಚಿಸುತ್ತಾರೆ. ಎಂದೂ ಓಡದ ಸ್ಟೆಪ್ನಿಗೂ ಇದೇ ಲೆಕ್ಕ. ಪಕ್ಕದಲ್ಲಿ ಉಬ್ಬು ಕಂಡ ಟೈರನ್ನು ಮಾತ್ರ ತೋಡು ಎಷ್ಟೇ ಆಳವಿದ್ದರೂ ಕೂಡಲೇ ತೆಗೆಯಬೇಕು.