ಕಾಯುವ ಪಟ್ಟಿಯಿಂದ ಅಂಗೈಯ ಫೋನಿನವರೆಗೆ



ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ಕುರುಬರಹಳ್ಳಿಯ ಹೆಸರಿನಲ್ಲಿ ಇಂದಿಗೂ ಹಳ್ಳಿಯಿದೆ. ಊರು ಮಾತ್ರ ರಾಜಾಜಿನಗರ, ಬಸವೇಶ್ವರನಗರಗಳೊಡನೆ ಬೆರೆತು ನಗರವೇ ಆಗಿದೆ. ಇಂಥ ಬಡಾವಣೆಯ ಒಂದು ಮನೆಯಲ್ಲಿ ಜನರಿಗಿಂತ ಸಿಮ್ ಕಾರ್ಡುಗಳೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಎಲ್ಲರ ಕೈಗೂ ಫೋನು ಬಂದ ಮೇಲೆ ಈ ಉದ್ಯಮ ಬೆಳೆಯುವುದಾದರೂ ಎಲ್ಲಿ? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ನಗರದ ಪೂರ್ವಕ್ಕೆ, ಆ ಕಾರ್ಖಾನೆಯಿರುವ ಪ್ರದೇಶಕ್ಕೆ ದೂರವಾಣಿನಗರ ಎಂಬ ಹೆಸರೇ ಬಂದಿತು. ಉಪಕರಣಗಳು ಇಲ್ಲೇ ತಯಾರಾಗುತ್ತಿದ್ದರೂ ಜನರಿಗೆ ಫೋನು ಸುಲಭವಾಗಿ ಸಿಗುತ್ತಿರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಪರಊರಿನವರೊಡನೆ ಮಾತನಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕೂರಬೇಕಿತ್ತು.

ಹಳ್ಳಿಗಳ ಪಾಡು ಇನ್ನೂ ಕಷ್ಟದ್ದು. ಧೂಳು, ಸೆಕೆ, ವಿದ್ಯುತ್ತಿನ ಕೊರತೆಗಳ ನಡುವೆ ಕೆಲಸ ಮಾಡಬಲ್ಲ ವಿನಿಮಯ ಕೇಂದ್ರ ಅಲ್ಲಿಗೆ ಬೇಕಾಗಿತ್ತು. 1984ರಲ್ಲಿ ಆರಂಭವಾದ ಸಿ-ಡಾಟ್ ಸಂಸ್ಥೆ ಹವಾನಿಯಂತ್ರಣದ ಅಗತ್ಯವಿಲ್ಲದ, 128 ಸಂಪರ್ಕಗಳ ಸಣ್ಣ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರಲ್ಲಿ ಮೊದಲನೆಯದನ್ನು 1986ರಲ್ಲಿ ಸ್ಥಾಪಿಸಿದ್ದು ನಮ್ಮ ನಾಡಿನಲ್ಲೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ.

ಆದರೂ 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಪ್ರಕಟವಾದಾಗ ದೇಶದಲ್ಲಿ ನೂರು ಜನರಿಗೆ ಒಂದು ಫೋನೂ ಇರಲಿಲ್ಲ, ಇದ್ದದ್ದು 0.8 ಮಾತ್ರ. ಸುಮಾರು 25 ಲಕ್ಷ ಅರ್ಜಿದಾರರು ಕಾಯುವ ಪಟ್ಟಿಯಲ್ಲಿದ್ದರು. ಮರುವರ್ಷ, 1995ರ ಜುಲೈ 31ರಂದು, ದೇಶದ ಮೊದಲ ಮೊಬೈಲ್ ಕರೆ ನಡೆಯಿತು. ಆಗ ಕರೆ ಮಾಡಿದವರೂ ಹಣ ಕೊಡಬೇಕಿತ್ತು, ಕರೆ ಬಂದವರೂ ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಫೋನು ಬಡವರ ಮನೆಗೂ ಕಾಲಿಟ್ಟಿತು.

ಈ ಬೆಳವಣಿಗೆಯನ್ನು ಗ್ರಾಫ್ ಕಾಗದದ ಮೇಲೆ ಬರೆದರೆ ಗೆರೆ ಮೊದಲು ನಿಧಾನವಾಗಿ ಏರುತ್ತದೆ, ನಡುವೆ ಕಡಿದಾಗಿ ಏರುತ್ತದೆ, ಕೊನೆಗೆ ಮಟ್ಟಸವಾಗುತ್ತದೆ. ಮಟ್ಟಸವಾದ ಈ ಹಂತವನ್ನೇ ಪಕ್ವ ಮಾರುಕಟ್ಟೆ ಎನ್ನುತ್ತಾರೆ. ಭಾರತದಲ್ಲಿ 2018ರ ಮಾರ್ಚ್‌ನಲ್ಲಿ ಸುಮಾರು 118 ಕೋಟಿ ಮೊಬೈಲ್ ಸಂಪರ್ಕಗಳಿದ್ದವು. 2024ರ ಮಾರ್ಚ್‌ನಲ್ಲಿ ಇದ್ದದ್ದು ಸುಮಾರು 116 ಕೋಟಿ. ಆರು ವರ್ಷಗಳಲ್ಲಿ ಏರಿಕೆಯೇ ಇಲ್ಲ!

ಹಾಗಾದರೆ ಬೆಳವಣಿಗೆ ನಿಂತೇಹೋಯಿತೆ? ಇಲ್ಲ, ಅದು ದಾರಿ ಬದಲಿಸಿತು. ಅದೇ ಆರು ವರ್ಷಗಳಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಸುಮಾರು 41 ಕೋಟಿಯಿಂದ 92 ಕೋಟಿಗೆ ಏರಿದವು. 2014ರಲ್ಲಿ ಒಂದು ಜಿ.ಬಿ. ಡೇಟಾಕ್ಕೆ ಸರಾಸರಿ 269 ರೂಪಾಯಿ ತಗಲುತ್ತಿತ್ತು; 2024ರ ಹೊತ್ತಿಗೆ ಅದು ಹತ್ತು ರೂಪಾಯಿಗೂ ಕೆಳಗಿಳಿಯಿತು. ಒಬ್ಬ ಚಂದಾದಾರನ ತಿಂಗಳ ಸರಾಸರಿ ಬಳಕೆ ಸುಮಾರು 62 ಎಂ.ಬಿ.ಯಿಂದ 20 ಜಿ.ಬಿ.ಗೂ ಮೇಲೇರಿತು. ಬ್ರಾಡ್‌ಬ್ಯಾಂಡ್ ಎಂಬ ಮಾತಿನ ಅಳತೆಯೂ ಬೆಳೆಯಿತು. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಎಂದಿದ್ದ ಕನಿಷ್ಠ ವೇಗ 2023ರಲ್ಲಿ 2 ಮೆಗಾಬಿಟ್ ಆಯಿತು.

ಹೊಸ ಗ್ರಾಹಕರು ಸಿಗದಾಗ ಕಂಪನಿಗಳು ಇರುವ ಗ್ರಾಹಕರಿಂದಲೇ ಹೆಚ್ಚು ಆದಾಯ ಹುಡುಕುತ್ತವೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ್ದನ್ನು ಈ ದೃಷ್ಟಿಯಿಂದಲೂ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂಪರ್ಕಗಳ ಲೆಕ್ಕ ಜನರ ಲೆಕ್ಕವಲ್ಲ. 2024ರ ಮಾರ್ಚ್‌ನಲ್ಲಿ ದೇಶದ ನಗರಗಳಲ್ಲಿ ನೂರು ಜನರಿಗೆ 130ಕ್ಕೂ ಹೆಚ್ಚು ಫೋನ್ ಸಂಪರ್ಕಗಳಿದ್ದವು, ಹಳ್ಳಿಗಳಲ್ಲಿ ಸುಮಾರು 59. ನಗರದ ಒಬ್ಬನ ಎರಡು ಸಿಮ್‌ಗಳು ಹಳ್ಳಿಯ ಒಬ್ಬಳ ಕೊರತೆಯನ್ನು ಸರಾಸರಿಯೊಳಗೆ ಮುಚ್ಚಿಬಿಡುತ್ತವೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿದ್ದು ಈ ಅಂತರವನ್ನು ತಗ್ಗಿಸಲೆಂದೇ. ಪಾಠ, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ ಎಲ್ಲವೂ ಫೋನಿನ ಮೂಲಕ ಬರುವ ಕಾಲದಲ್ಲಿ, ಸಂಪರ್ಕವಿಲ್ಲದ ವಿದ್ಯಾರ್ಥಿ ತರಗತಿಯ ಹೊರಗೆ ನಿಂತಂತೆಯೇ ಸರಿ.

ನಿಮಗೊಂದು ಚಟುವಟಿಕೆ: ನಿಮ್ಮ ಬೀದಿಯ ಹತ್ತು ಮನೆಗಳಿಗೆ ಹೋಗಿ, ಸಿಮ್‌ಗಳೆಷ್ಟು, ಸ್ವಂತ ಫೋನಿಲ್ಲದವರೆಷ್ಟು ಎಂದು ಕೇಳಿ ಎರಡು ಪಟ್ಟಿ ಮಾಡಿರಿ. ಎರಡನೆಯ ಪಟ್ಟಿಯಲ್ಲಿರುವವರು ಯಾರು, ಏಕೆ ಎಂಬುದನ್ನು ತರಗತಿಯಲ್ಲಿ ಚರ್ಚಿಸಿರಿ.